ದನಿ ಇಲ್ಲದೆ ಮಾಡಿದ ಗಣಿತದ ಪಾಠ

ನನ್ನ ದನಿ ನಿಂತುಹೋದದ್ದು ಹತ್ತನೇ ತರಗತಿಯಲ್ಲಿ, ವೃತ್ತಗಳ ಪಾಠ ಶುರುಮಾಡಿದ ದಿನ. ದಸರಾ ರಜೆ ಮುಗಿದು ಶಾಲೆ ತೆರೆದು ಸ್ವಲ್ಪವೇ ದಿನಗಳಾಗಿದ್ದವು. ‘ಸ್ಪರ್ಶಕವು ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ’ ಎಂಬಲ್ಲಿಯವರೆಗೆ ಹೇಳಿದೆ. ‘ಮುಟ್ಟುತ್ತದೆ’ ಎನ್ನಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಕೆಮ್ಮಿದೆ, ನೀರು ಕುಡಿದೆ, ಮತ್ತೆ ಪ್ರಯತ್ನಿಸಿದೆ. ಗಂಟಲಿನೊಳಗೆ ಏನೋ ಕಿತ್ತ ಹಾಗಾಯಿತು. ಮುಂದಿನ ಬೆಂಚಿನ ಮಕ್ಕಳು ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ಸುಮ್ಮನಾದರು.

ಬನಶಂಕರಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ನಾನು ಗಣಿತದ ಶಿಕ್ಷಕಿ. ಕನ್ನಡ ಮಾಧ್ಯಮ. ನಮ್ಮ ಕಟ್ಟಡ ರಸ್ತೆಗೆ ಅಂಟಿಕೊಂಡಿದೆ. ಕಿಟಕಿ ತೆರೆದರೆ ಬಸ್ಸುಗಳ ಹಾರನ್, ಮುಚ್ಚಿದರೆ ಉಸಿರು ಕಟ್ಟುವ ಸೆಕೆ. ಕಿಟಕಿ ತೆರೆದಿಟ್ಟು ಹಾರನ್ನಿಗಿಂತ ಜೋರಾಗಿ ಮಾತಾಡುವುದು ನನಗೆ ಅಭ್ಯಾಸವಾಗಿಹೋಗಿತ್ತು. ದನಿ ಒಡೆಯುವುದು ಬೇಸಿಗೆಯಿಂದಲೇ ಇತ್ತು. ಸಂಜೆ ಹೊತ್ತು ಫೋನ್ ಮಾಡಿದರೆ ನನ್ನ ತಂಗಿಯೇ ಯಾರು ಮಾತಾಡುತ್ತಿರುವುದು ಎಂದು ಕೇಳುತ್ತಿದ್ದಳು. ಶುಂಠಿ, ಜೇನು, ಬಿಸಿನೀರು ಎನ್ನುತ್ತಾ ದಿನ ತಳ್ಳಿದ್ದೆ.

ಅವತ್ತೇ ಜಯನಗರದಲ್ಲಿ ಕಿವಿ ಮೂಗು ಗಂಟಲಿನ ವೈದ್ಯೆಯೊಬ್ಬರ ಹತ್ತಿರ ಹೋದೆ. ಮೂಗಿನ ಮೂಲಕ ತೆಳ್ಳನೆಯ ಕೊಳವೆಯೊಂದನ್ನು ಇಳಿಸಿ, ಪರದೆಯ ಮೇಲೆ ನನ್ನ ಧ್ವನಿತಂತುಗಳನ್ನು ನನಗೇ ತೋರಿಸಿದರು. ಎರಡೂ ಕಡೆ ಅಕ್ಕಿಕಾಳಿನಂಥ ಗಂಟು, ಒಂದರ ಪಕ್ಕದಲ್ಲಿ ರಕ್ತ ಜಿನುಗಿದ ಕಲೆ. ಟೀಚರಾ ಎಂದು ಕೇಳಿದರು. ತಲೆಯಾಡಿಸಿದೆ. ಇಂಥ ಗಂಟಲುಗಳನ್ನು ವಾರವಾರವೂ ನೋಡುತ್ತೇನೆ, ಹೆಚ್ಚಿನವರು ಟೀಚರುಗಳೇ ಎಂದರು.

“ಕೆಲವು ವಾರ ಒಂದಕ್ಷರ ಮಾತಾಡಂಗಿಲ್ಲ ಮೇಡಂ. ಪಿಸುಮಾತೂ ಬೇಡ, ಅದು ಇನ್ನೂ ಜಾಸ್ತಿ ಒತ್ತಡ ಹಾಕತ್ತೆ. ಹಾಗೂ ಮಾತಾಡಿದ್ರೆ ಆಪರೇಷನ್ನಿಗೆ ಹೋಗಬೇಕಾಗತ್ತೆ. ಆಮೇಲೂ ಹಳೇ ದನಿ ಬರತ್ತೆ ಅಂತ ನಾನು ಹೇಳಕ್ಕಾಗಲ್ಲ.”

ಶ್ರೀನಗರದ ಮನೆಗೆ ಬಂದು ಇದನ್ನೆಲ್ಲ ಬರೆದು ತೋರಿಸಿದೆ. ಮನೆಯವರು ರಜೆ ಹಾಕು ಎಂದರು. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿಯೂ ಅದನ್ನೇ ಹೇಳಿದರು. ನಾನು ಒಂದು ಹಾಳೆಯಲ್ಲಿ ‘ಹತ್ತನೇ ಕ್ಲಾಸಿಗೆ ಯಾರು?’ ಎಂದು ಬರೆದು ಅವರ ಮುಂದಿಟ್ಟೆ. ಇನ್ನೊಬ್ಬ ಗಣಿತ ಶಿಕ್ಷಕರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಇತ್ತು. ಎಂಟು, ಒಂಬತ್ತನೇ ತರಗತಿಗಳನ್ನು ವಿಜ್ಞಾನದ ಮೇಷ್ಟ್ರು ಹೇಗೋ ಸಂಭಾಳಿಸಲು ಒಪ್ಪಿದರು, ಹತ್ತನೆಯದನ್ನು ಮಾತ್ರ ತಮ್ಮಿಂದ ಆಗುವುದಿಲ್ಲ ಎಂದರು. ನಾನು ರಜೆ ಹಾಕಿದರೆ ಆ ಮಕ್ಕಳು ಗಣಿತದ ಪಿರಿಯಡ್ಡಿನಲ್ಲಿ ಸುಮ್ಮನೆ ಕೂರಬೇಕು. ನಾನು ಪ್ರಯತ್ನಿಸುತ್ತೇನೆ ಎಂದು ಬರೆದೆ.

“ಮಾತೇ ಇಲ್ದೆ ಗಣಿತ ಹೇಗ್ರೀ ಮಾಡ್ತೀರ?” ಎಂದು ಮುಖ್ಯೋಪಾಧ್ಯಾಯಿನಿ ಕೇಳಿದರು. ಆಮೇಲೆ ಅವರೇ, “ಆಯ್ತು, ಎರಡು ವಾರ ನೋಡೋಣ. ಆಗಲಿಲ್ಲ ಅಂದ್ರೆ ನೀವು ಮನೇಲಿರಬೇಕು. ನಾನು ಎಲ್ಲಿಂದಾದ್ರೂ ಒಬ್ಬರನ್ನ ಕರೆಸ್ತೀನಿ” ಎಂದರು.

ಹೇಗೆ ಎಂಬುದು ನನಗೂ ಗೊತ್ತಿರಲಿಲ್ಲ. ಬಾಯಲ್ಲಿ ಹೇಳುತ್ತಿದ್ದುದನ್ನೆಲ್ಲ ಬೋರ್ಡಿನ ಮೇಲೆ ಬರೆದರಾಯಿತು ಎಂದುಕೊಂಡೆ. ಮೊದಲ ದಿನಗಳು ಹಾಗೇ ನಡೆದವು, ಅಂದರೆ ನಡೆಯಲಿಲ್ಲ. ಬರೆಯಲು ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಸಂತೆ ಶುರುವಾಗುತ್ತಿತ್ತು. ತಿರುಗಿ ನೋಡಿದರೆ ಮೌನ, ಮತ್ತೆ ಬರೆಯತೊಡಗಿದರೆ ಮತ್ತೆ ಸಂತೆ. ಡಸ್ಟರಿನಿಂದ ಮೇಜು ಬಡಿದು ಬಡಿದು ಸೀಮೆಸುಣ್ಣದ ಪುಡಿ ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮಲೂಬಾರದು ಎಂದು ವೈದ್ಯೆ ಹೇಳಿದ್ದರು. ಪಕ್ಕದ ಕೋಣೆಯಿಂದ ಹಿಂದಿ ಮೇಡಂ ಬಂದು, ನಿಮ್ಮ ಟೀಚರಿಗೆ ಹುಷಾರಿಲ್ಲ ಅನ್ನೋ ಜ್ಞಾನ ಬೇಡವಾ ಎಂದು ಮಕ್ಕಳನ್ನು ಗದರಿ ಹೋದರು. ಅವರು ಗದರಿದ್ದು ನನ್ನ ಒಳ್ಳೆಯದಕ್ಕೇ. ಆದರೂ ಇನ್ನೊಬ್ಬರು ಬಂದು ನನ್ನ ತರಗತಿಯನ್ನು ಸುಮ್ಮನಿರಿಸಬೇಕಾಯಿತಲ್ಲ ಎಂದು ಕಣ್ಣು ತುಂಬಿ ಬಂತು.

ಆಮೇಲೆ ಫೋನಿನ ಮೊರೆಹೋದೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಒಂದನ್ನು ಮಗಳು ಹಾಕಿಕೊಟ್ಟಳು. ರಾತ್ರಿಯೇ ಪಾಠವನ್ನೆಲ್ಲ ಟೈಪ್ ಮಾಡಿಕೊಂಡು ಹೋಗಿ, ಸಣ್ಣ ಸ್ಪೀಕರಿಗೆ ಜೋಡಿಸಿ ಮೇಜಿನ ಮೇಲಿಟ್ಟೆ. ಅದರೊಳಗಿನ ಹೆಂಗಸು ಎ-ಬಿ ಎಂಬ ರೇಖೆಯನ್ನು ‘ಅಬ್’ ಎಂದಳು, ಓ-ಪಿ ಎಂಬುದನ್ನು ‘ಆಪ್’ ಎಂದಳು. ತರಗತಿ ಬಿದ್ದುಬಿದ್ದು ನಕ್ಕಿತು. ನನಗೂ ನಗು ಬಂತು, ಆದರೆ ನಗುವುದಕ್ಕೂ ದನಿ ಬೇಕು. ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಆ ಪ್ರಯೋಗ ಅಲ್ಲಿಗೇ ಮುಗಿಯಿತು.

ಮಾರನೆಯ ದಿನ ತರಗತಿಗೆ ಕಾಲಿಟ್ಟಾಗ ಹಿಂದಿನ ದಿನ ಫೋನು ಎತ್ತಿಟ್ಟ ಮೇಲೆ ನಾನು ಬರೆದ ಪ್ರಮೇಯ ಬೋರ್ಡಿನ ಮೇಲೆ ಹಾಗೇ ಇತ್ತು. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂಬುದು ಆ ಪ್ರಮೇಯ. ಸಾಮಾನ್ಯವಾಗಿ ಪರೀಕ್ಷೆಯಲ್ಲಿ ಬಂದೇ ಬರುವಂಥದು. ಅದನ್ನು ಅಳಿಸಲು ಕೈ ಎತ್ತಿದವಳಿಗೆ ಮೂರನೆಯ ಸಾಲಿನಲ್ಲಿ ತಪ್ಪು ಕಂಡಿತು. ಲಂಬಕೋನ ಇರುವುದು ಸ್ಪರ್ಶಕ ವೃತ್ತವನ್ನು ಮುಟ್ಟುವ ಜಾಗದಲ್ಲಿ. ನಾನು ಅವಸರದಲ್ಲಿ ಅಕ್ಷರ ಅದಲುಬದಲು ಮಾಡಿ ಅದನ್ನು ಹೊರಗಿನ ಬಿಂದುವಿನಲ್ಲಿ ಇಟ್ಟುಬಿಟ್ಟಿದ್ದೆ. ಅಂಥ ಎರಡು ಲಂಬಕೋನಗಳು ಒಂದೇ ಬಿಂದುವಿನಲ್ಲಿ ಅಕ್ಕಪಕ್ಕ ಕೂತರೆ ಚಿತ್ರವೇ ನಿಲ್ಲುವುದಿಲ್ಲ. ಬೆಂಚುಗಳ ನಡುವೆ ನಡೆದು ಮಕ್ಕಳ ಪುಸ್ತಕ ನೋಡಿದೆ. ಎಲ್ಲರೂ ಅದನ್ನು ಹಾಗೆಯೇ ಅಂದವಾಗಿ ಬರೆದುಕೊಂಡಿದ್ದರು. ಚೆನ್ನಾಗಿ ಓದುವವರೂ ಸಹ. ಒಬ್ಬರೂ ಅನುಮಾನಪಟ್ಟಿರಲಿಲ್ಲ.

ನನ್ನ ದನಿ ಸರಿಯಿದ್ದಿದ್ದರೆ ಆ ಸಾಲನ್ನು ಸರಿಯಾಗಿಯೇ ಹೇಳುತ್ತಿದ್ದೆ, ಅವರು ಸರಿಯಾಗಿಯೇ ಬರೆದುಕೊಳ್ಳುತ್ತಿದ್ದರು. ಆಗಲೂ ಅನುಮಾನ ಪಡುತ್ತಿರಲಿಲ್ಲ. ಆ ದಿನ ಬೋರ್ಡು ಅಳಿಸಿ ಸುಮ್ಮನೆ ಕುರ್ಚಿಯಲ್ಲಿ ಕೂತೆ. ವಿವರಿಸುವ ಕೆಲಸವನ್ನೇ ಬಿಟ್ಟುಬಿಡಬೇಕು ಎಂದು ತೀರ್ಮಾನಿಸಿದ್ದು ಆಗ. ಬಾಯಿಗೆ ಬದಲಾಗಿ ಸೀಮೆಸುಣ್ಣ, ಸೀಮೆಸುಣ್ಣಕ್ಕೆ ಬದಲಾಗಿ ಫೋನು ಎಂದು ಹುಡುಕುತ್ತಿದ್ದೆನಲ್ಲ, ಅದು ಸಾಕು. ವಿಷಯವನ್ನೇ ಅವರ ಕೈಗೆ ಕೊಡಬೇಕು, ಮಾತಾಡುವುದಿದ್ದರೆ ಅವರೇ ಮಾತಾಡಲಿ.

ಸಂಜೆ ಬನಶಂಕರಿ ಬಸ್ ನಿಲ್ದಾಣದ ಹತ್ತಿರದ ಸ್ಟೇಷನರಿ ಅಂಗಡಿಗೆ ಹೋಗಿ ಚೀಟಿ ತೋರಿಸಿ, ಆಚೆಯದು ಕಾಣುವಂಥ ತೆಳು ಬಟರ್ ಪೇಪರ್ ಕೇಳಿದೆ. ನನಗೆ ಕಿವಿ ಕೇಳಿಸದೆಂದು ತಿಳಿದ ಅಂಗಡಿಯಾತ ಕೈಸನ್ನೆ ಮಾಡುತ್ತಾ ರಸ್ತೆಗೆಲ್ಲ ಕೇಳುವ ಹಾಗೆ ಎಷ್ಟು ಬೇಕು ಎಂದು ಕೂಗಿದ. ಕೊನೆಗೆ ಒಳ್ಳೆಯ ಹಾಳೆಗಳನ್ನೇ ಆರಿಸಿ, ಸುಕ್ಕಾಗದಂತೆ ಸುರುಳಿ ಸುತ್ತಿ ಕೊಟ್ಟ.

ಮೊದಲ ಚಟುವಟಿಕೆ ಸರಳವಾಗಿತ್ತು. ಇಬ್ಬಿಬ್ಬರಿಗೆ ಒಂದು ಬಟರ್ ಪೇಪರ್. ಕೈವಾರದಲ್ಲಿ ಒಂದು ವೃತ್ತ, ಹೊರಗೆ ಎಲ್ಲಾದರೂ ಒಂದು ಬಿಂದು, ಆ ಬಿಂದುವಿನಿಂದ ವೃತ್ತವನ್ನು ಮುಟ್ಟಿಯೂ ಮುಟ್ಟದಂತೆ ಎರಡು ಗೆರೆ. ಬೋರ್ಡಿನ ಮೇಲೆ ಬರೆದದ್ದು ಇಷ್ಟೇ: ‘ಕೇಂದ್ರಕ್ಕೂ ಹೊರಗಿನ ಬಿಂದುವಿಗೂ ಗೆರೆ ಎಳೆಯಿರಿ. ಅದರ ಮೇಲೆ ಮಡಚಿ. ಬೆಳಕಿಗೆ ಹಿಡಿಯಿರಿ.’ ಮಡಚಿ ಕಿಟಕಿಗೆ ಹಿಡಿದಾಗ ಎರಡು ಸ್ಪರ್ಶಕಗಳೂ ಒಂದರ ಮೇಲೊಂದು ಕೂತವು. ಒಬ್ಬರ ವೃತ್ತ ದೊಡ್ಡದು, ಇನ್ನೊಬ್ಬರದು ಚಿಕ್ಕದು, ಬಿಂದು ಒಬ್ಬರದು ಹತ್ತಿರ, ಒಬ್ಬರದು ದೂರ. ಎಲ್ಲರದೂ ಕೂತವು. ಹಿಂದಿನ ಬೆಂಚಿನ ಹುಡುಗನೊಬ್ಬನದು ಕೂರಲಿಲ್ಲ. ಅವನ ಪಕ್ಕದವಳು ಹಾಳೆ ಕಿತ್ತುಕೊಂಡು ನೋಡಿ, “ನಿನ್ನ ಗೆರೆ ವೃತ್ತನ ಕತ್ತರಿಸ್ತಿದೆ ಕಣೋ, ಮುಟ್ತಾ ಇಲ್ಲ” ಎಂದಳು. ಸ್ಪರ್ಶಕಕ್ಕೂ ಛೇದಕಕ್ಕೂ ಇರುವ ವ್ಯತ್ಯಾಸವನ್ನು ನಾನು ಅಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದಿಲ್ಲ.

ಎರಡನೆಯ ಹೆಜ್ಜೆ ಸಾಧನೆ, ಅಂದರೆ ಪ್ರಮೇಯ ನಿಜವೆಂದು ಹಂತಹಂತವಾಗಿ ತೋರಿಸುವುದು. ಪ್ರಮೇಯದ ಸಾಧನೆಯ ಒಂದೊಂದು ಸಾಲನ್ನೂ ಒಂದೊಂದು ಪಟ್ಟಿಯ ಮೇಲೆ ಬರೆದು, ಕಲಸಿ, ಲಕೋಟೆಗಳಲ್ಲಿ ಹಾಕಿ ಗುಂಪುಗಳಿಗೆ ಕೊಟ್ಟೆ. ಬೇಕೆಂದೇ ಎರಡು ತಪ್ಪು ಸಾಲುಗಳನ್ನೂ ಸೇರಿಸಿದ್ದೆ. ಸರಿಯಾದವನ್ನು ಆರಿಸಿ ಕ್ರಮವಾಗಿ ಜೋಡಿಸಬೇಕು. ತರಗತಿಯಲ್ಲಿ ಗದ್ದಲವೆದ್ದಿತು, ಆದರೆ ಗದ್ದಲವೆಲ್ಲ ತ್ರಿಜ್ಯ, ವಿಕರ್ಣ, ಸಾಮಾನ್ಯ ಬಾಹು ಎಂಬ ಮಾತುಗಳದ್ದು. ಹಿಂದಿ ಮೇಡಂ ಮತ್ತೆ ಬಾಗಿಲಿಗೆ ಬಂದರು. ಈ ಸಲ ಗದರದೆ ಸ್ವಲ್ಪ ಹೊತ್ತು ನಿಂತು ನೋಡಿ, ಮೇಲಿನ ಗ್ರಂಥಾಲಯದ ಕೋಣೆ ಖಾಲಿ ಇರುತ್ತದೆ, ಅಲ್ಲಿ ಮಾಡಿಸಿ, ಕೀ ನಾನು ತೆಗೆಸಿಕೊಡುತ್ತೇನೆ ಎಂದರು. ಅಲ್ಲಿ ಒಂದು ಬೋರ್ಡು, ದೊಡ್ಡ ಮೇಜುಗಳು, ಬೆಂಚುಗಳು ಇದ್ದವು, ರಸ್ತೆಯ ಸದ್ದೂ ಕಡಿಮೆ. ಉಳಿದ ವಾರಗಳೆಲ್ಲ ನಮ್ಮ ಗಣಿತ ಅಲ್ಲೇ ನಡೆಯಿತು. ಆ ಉಪಕಾರವನ್ನು ನಾನು ಮರೆತಿಲ್ಲ.

ತೊಂದರೆ ಇನ್ನೊಂದು ಕಡೆಯಿಂದ ಬಂತು. ಹಳೆಯ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ ದೊಡ್ಡದಾಗಿ ಪ್ರಶ್ನೆಚಿಹ್ನೆ ಬರೆದು ಕಾರ್ಡುಗಳನ್ನು ಮಾಡಿಕೊಂಡಿದ್ದೆ. ಮಕ್ಕಳು ಜೋಡಿಸಿದ ಸಾಲಿನ ಪಕ್ಕ ಅದನ್ನು ಇಟ್ಟರೆ ‘ಇದು ಯಾಕೆ, ಕಾರಣ ಕೊಡಿ’ ಎಂದು ಅರ್ಥ. ಆದರೆ ಕಾರ್ಡು ಬಿದ್ದ ತಕ್ಷಣ ಮಕ್ಕಳು ಆ ಸಾಲನ್ನು ತೆಗೆದೇಬಿಡುತ್ತಿದ್ದರು. ಟೀಚರು ಪ್ರಶ್ನೆ ಕೇಳಿದರೆ ಉತ್ತರ ತಪ್ಪೆಂದೇ ಲೆಕ್ಕ. ಯೋಚಿಸಿದರೆ ಅವರ ಊಹೆ ಸರಿಯಾಗಿಯೇ ಇತ್ತು, ನಾನು ಕಾರ್ಡು ಇಡುತ್ತಿದ್ದುದು ತಪ್ಪು ಸಾಲುಗಳ ಪಕ್ಕದಲ್ಲಿ ಮಾತ್ರ. ಮಾರನೆಯ ದಿನದಿಂದ ಸರಿಯಾದ ಸಾಲುಗಳ ಪಕ್ಕವೂ ಇಡತೊಡಗಿದೆ. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಮೊದಮೊದಲು ಮಕ್ಕಳಿಗೆ ಸಿಟ್ಟು ಬಂತು. ಮಿಸ್, ಸರಿನೋ ತಪ್ಪೋ ಅಷ್ಟು ಹೇಳಿ ಸಾಕು ಎಂದು ಗೋಗರೆದರು. ನಾನು ಮುಂದಿನ ಮೇಜಿಗೆ ನಡೆದುಬಿಡುತ್ತಿದ್ದೆ. ಬರಬರುತ್ತಾ ಸಾಲನ್ನು ಕಿತ್ತು ಹಾಕುವ ಬದಲು ಅದರ ಪರವಾಗಿ ವಾದ ಮಾಡತೊಡಗಿದರು.

ಆದರೆ ಪಾಠಗಳು ಹಿಂದೆ ಬಿದ್ದವು. ಒಂದು ಪ್ರಮೇಯಕ್ಕೆ ಹಿಂದೆ ಒಂದು ಪಿರಿಯಡ್ ಸಾಕಾಗುತ್ತಿತ್ತು, ಈಗ ಮೂರು ಹಿಡಿಯುತ್ತಿತ್ತು. ಹೀಗಿರುವಾಗ ಒಬ್ಬ ತಂದೆ ಶಾಲೆಗೆ ಬಂದರು. ಸುಬ್ರಹ್ಮಣ್ಯಪುರದವರು, ಬಸ್ ಕಂಡಕ್ಟರ್. ಅವರ ಮಗಳು ನನ್ನ ತರಗತಿಯಲ್ಲಿ ಗೋಡೆಯ ಪಕ್ಕದ ಜಾಗ ಬಿಟ್ಟು ಕೂರದ ಹುಡುಗಿ. ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ನನ್ನನ್ನೂ ಕರೆಸಿದರು.

“ತಪ್ಪು ತಿಳ್ಕೋಬೇಡಿ ಮೇಡಂ,” ಎಂದರು ಆ ತಂದೆ. “ನಮ್ಮ ಹುಡುಗಿ ಗಣಿತದಲ್ಲಿ ಮೊದಲೇ ವೀಕು. ಏನು ಮಾಡಿದ್ರಮ್ಮ ಇವತ್ತು ಅಂದ್ರೆ ಪೇಪರ್ ಮಡಚಿದ್ವಿ ಅಂತಾಳೆ, ಚೀಟಿ ಜೋಡಿಸಿದ್ವಿ ಅಂತಾಳೆ. ಮೇಡಂಗೆ ಹುಷಾರಿಲ್ಲ, ಅದು ನಂಗೂ ಗೊತ್ತು, ಪಾಪ. ಆದ್ರೆ ಇದು ಹತ್ತನೇ ಕ್ಲಾಸು.”

ಅವರ ಮಾತಿನಲ್ಲಿ ಕೋಪ ಇರಲಿಲ್ಲ, ಭಯ ಇತ್ತು. ಅದಕ್ಕೇ ನನಗೆ ಹೆಚ್ಚು ನಾಟಿತು. ಹಾಳೆಯ ಮೇಲೆ ‘ಒಂದು ದಿನ ಬಂದು ಕೂತು ನೋಡಿ’ ಎಂದು ಬರೆದೆ. ಅವರಿಗೆ ಡ್ಯೂಟಿ ಇತ್ತು. ತಾವೇ ಕೂತು ನೋಡಿ ಹೇಳುವುದಾಗಿ ಮುಖ್ಯೋಪಾಧ್ಯಾಯಿನಿ ಅವರನ್ನು ಕಳಿಸಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಎರಡು ವಾರ ಮುಗಿಯುತ್ತಾ ಬಂತಲ್ಲ ಎಂದಷ್ಟೇ ಹೇಳಿದರು. ನನಗೆ ಅರ್ಥವಾಯಿತು.

ಮುಖ್ಯೋಪಾಧ್ಯಾಯಿನಿ ಬಂದು ಗ್ರಂಥಾಲಯದ ಹಿಂದಿನ ಕುರ್ಚಿಯಲ್ಲಿ ಕೂತದ್ದು ತ್ರಿಕೋನಮಿತಿ ಶುರುಮಾಡುವ ದಿನ. ಬೋರ್ಡಿನ ಮೇಲೆ ನಾನು ಬರೆದದ್ದು ಇಷ್ಟು: ‘ಒಂದು ಕೋನ 30 ಡಿಗ್ರಿ ಇರುವ ಲಂಬಕೋನ ತ್ರಿಭುಜ ಬರೆಯಿರಿ. ಎಷ್ಟು ದೊಡ್ಡದಾದರೂ ಆಗಬಹುದು. 30 ಡಿಗ್ರಿಯ ಎದುರಿನ ಬಾಹು ಅಳೆಯಿರಿ. ಅತಿ ಉದ್ದದ ಬಾಹುವಿನಿಂದ ಭಾಗಿಸಿ. ಬಂದದ್ದನ್ನು ಇಲ್ಲಿ ಬರೆಯಿರಿ.’ ಸೈನ್ ಎಂಬ ಹೆಸರನ್ನು ಬರೆಯಲಿಲ್ಲ.

ಕೆಲವರು ಪುಸ್ತಕದಲ್ಲಿ ಬೆರಳಿನುದ್ದದ ತ್ರಿಭುಜ ಬರೆದರು. ಹಿಂದಿನ ಬೆಂಚಿನ ಗುಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚದಷ್ಟು ದೊಡ್ಡದನ್ನು ಬರೆದು ಟೇಪು ಹಿಡಿದು ಅಳೆಯಿತು. ಒಬ್ಬೊಬ್ಬರೇ ಬಂದು ಬೋರ್ಡಿನ ಮೇಲೆ ಬರೆದರು. 0.5, 0.49, 0.51, ಮತ್ತೆ 0.5. ಪುಟ್ಟ ತ್ರಿಭುಜದ ಒಬ್ಬನಿಗೆ 0.47 ಬಂತು. ಅವನದು ಚಿಕ್ಕದು, ಒಂದು ಗೆರೆ ಅಳತೆ ತಪ್ಪಿದರೂ ಉತ್ತರ ಜಾಸ್ತಿ ಏರುಪೇರಾಗುತ್ತದೆ ಎಂದು ನೆಲದ ಗುಂಪಿನವರು ತೀರ್ಪು ಕೊಟ್ಟರು. ಮುಖ್ಯೋಪಾಧ್ಯಾಯಿನಿ ಮುಂದೆ ಬಾಗಿ ಕೂತರು.

ಕೊನೆಗೆ ಗೋಡೆಯ ಪಕ್ಕದ ಹುಡುಗಿ ಎದ್ದು ಬಂದು 0.58 ಎಂದು ಬರೆದಳು. ಬರೆದ ಮೇಲೆ ಮೇಲಿನ ಸಂಖ್ಯೆಗಳನ್ನು ನೋಡಿದಳು. ತಕ್ಷಣ ಅಂಗೈಯಿಂದ ತನ್ನದನ್ನು ಒರೆಸಲು ಹೋದಳು. ‘ಬೇಡ’ ಎನ್ನಲು ನನಗೆ ದನಿಯಿಲ್ಲ. ಓಡಿಹೋಗಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಒಂದು ಪ್ರಶ್ನೆಚಿಹ್ನೆಯ ಕಾರ್ಡನ್ನು ಅವಳ ಕೈಗೆ ಕೊಟ್ಟೆ, ಇನ್ನೊಂದನ್ನು 0.5ರ ಪಕ್ಕ ಬೋರ್ಡಿನ ಅಂಚಿನಲ್ಲಿ ಇಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ಪಕ್ಕಕ್ಕೆ ಸರಿದು ನಿಂತೆ.

ಅವಳು ಪುಸ್ತಕ ತಂದು ನಿಧಾನವಾಗಿ ಓದಿದಳು. ಎದುರಿನ ಬಾಹು ಐದು ಬಿಂದು ಎರಡು. ಭಾಗಿಸಿದ್ದು ಒಂಬತ್ತರಿಂದ. ನೆಲದ ಗುಂಪಿನ ಒಬ್ಬ ಅವಳ ತ್ರಿಭುಜ ನೋಡಿ, ಒಂಬತ್ತು ಅತಿ ಉದ್ದದ್ದಲ್ಲ, ಕೆಳಗಿನದು ಎಂದ. ಅವಳ ಮುಖ ಕೆಂಪಾಯಿತು. ಆದರೆ ಅವಳು ಕೂರಲಿಲ್ಲ.

“ನಾನು ಕೆಳಗಿನದ್ರಿಂದ ಭಾಗಿಸಿದೀನಿ,” ಎಂದಳು. ಅವಳ ದನಿಯನ್ನು ತರಗತಿಯಲ್ಲಿ ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. “ನೀವೂ ಕೆಳಗಿನದ್ರಿಂದ ಭಾಗಿಸಿ ನೋಡಿ. ನಿಮಗೂ ಇದೇ ಬರತ್ತಾ ಅಂತ.”

ಎಲ್ಲರೂ ಮತ್ತೆ ಅಳೆದರು. ನೆಲದ ದೊಡ್ಡ ತ್ರಿಭುಜಕ್ಕೆ 0.58. ಪುಸ್ತಕದವರಿಗೆ 0.57, 0.58, 0.59. ಟ್ಯೂಷನ್ನಿಗೆ ಹೋಗುವ ಹುಡುಗನೊಬ್ಬ ತ್ರಿಕೋನಮಿತಿಯ ಕೋಷ್ಟಕವನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದ. ಅವನು ರಫ್ ಪುಸ್ತಕದಲ್ಲಿ ಒಂದನ್ನು ಮೂರರ ವರ್ಗಮೂಲದಿಂದ ಭಾಗಿಸಿ ನೋಡಿ ತಲೆ ಎತ್ತಿದ. “ಮಿಸ್, ಟ್ಯಾನ್ ಥರ್ಟಿ ಅಂದ್ರೆ ಇದೇನಾ? ಅದು ಬರೀ ಟೇಬಲ್ ಅಂದ್ಕೊಂಡಿದ್ದೆ.”

ಬೋರ್ಡಿನ ಒಂದು ಕಡೆ ಸೈನ್ ಎಂದೂ ಇನ್ನೊಂದು ಕಡೆ, ಅವಳು ಬರೆದ ಸಂಖ್ಯೆಯ ಮೇಲೆ, ಟ್ಯಾನ್ ಎಂದೂ ಬರೆದೆ. ಟ್ಯಾನ್ ನನ್ನ ಯೋಜನೆಯಲ್ಲಿ ಮುಂದಿನ ವಾರಕ್ಕಿತ್ತು. ಎಷ್ಟೋ ದಿನ ಹಿಂದೆ ಬಿದ್ದಿದ್ದೇವೆಂದು ನಾನು ಕೊರಗುತ್ತಿದ್ದ ತರಗತಿ ಆ ಒಂದು ಪಿರಿಯಡ್ಡಿನಲ್ಲಿ ನನಗಿಂತ ಮುಂದೆ ಹೋಯಿತು. ನನ್ನ ದನಿ ಇದ್ದಿದ್ದರೆ, ಸರಿಯಾಗಿ ಓದಮ್ಮ, ಅತಿ ಉದ್ದದ ಬಾಹುವಿನಿಂದ ಅಂತ ಇದೆ ಎಂದು ಕೂಗಿ ಅವಳನ್ನು ಕೂರಿಸಿಬಿಡುತ್ತಿದ್ದೆ. ಅದು ನನಗೆ ಖಂಡಿತ ಗೊತ್ತು.

ಬೆಲ್ ಹೊಡೆದ ಮೇಲೆ ಮುಖ್ಯೋಪಾಧ್ಯಾಯಿನಿ ನೆಲದ ಮೇಲಿನ ತ್ರಿಭುಜವನ್ನು ತುಳಿಯದಂತೆ ಸುತ್ತಿ ಬಂದರು. ಎರಡು ವಾರದ ವಿಷಯ ಎತ್ತಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಹೆಚ್ಚುವರಿ ಪಿರಿಯಡ್ ಬೇಕಾದರೆ ಕೊಡುತ್ತೇನೆ, ಪಾಠ ಹಿಂದೆ ಬೀಳಬಾರದು ಎಂದರು. ಆ ತಂದೆಗೆ ಅವರೇ ಫೋನ್ ಮಾಡಿ ಮಾತಾಡಿದರಂತೆ. ಏನು ಹೇಳಿದರೋ ನನಗೆ ತಿಳಿಯದು.

ಎಲ್ಲವೂ ಸಲೀಸಾಗಿ ಹೋಯಿತೆಂದು ಹೇಳಲಾರೆ. ನಿರ್ದೇಶಾಂಕಗಳ ಸೂತ್ರಕ್ಕೆ ನಾನು ಯೋಚಿಸಿದ್ದ ಆಟ ಪೂರ್ತಿ ಕೆಟ್ಟಿತು, ಮಕ್ಕಳಿಗೆ ಆಟ ನೆನಪಾಯಿತೇ ಹೊರತು ಸೂತ್ರವಲ್ಲ. ಆ ತಿಂಗಳ ಕಿರುಪರೀಕ್ಷೆಯಲ್ಲಿ ಕೆಲವರು ಮೊದಲಿನಷ್ಟೇ ಕಡಿಮೆ ಅಂಕ ತೆಗೆದರು. ಆದರೆ ಸ್ಪರ್ಶಕದ ಪ್ರಮೇಯವನ್ನು ಬಹುತೇಕ ಎಲ್ಲರೂ ಬರೆದಿದ್ದರು, ಅದೂ ಒಬ್ಬೊಬ್ಬರು ಒಂದೊಂದು ರೀತಿ, ತಮ್ಮದೇ ಅಕ್ಷರ ಕೊಟ್ಟು. ಹಿಂದೆಲ್ಲ ಉತ್ತರಪತ್ರಿಕೆಗಳು ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಇರುತ್ತಿದ್ದವು. ಪೋಷಕರ ಸಭೆಗೆ ಬಂದ ಕಂಡಕ್ಟರ್ ತಂದೆ ನನಗೆ ಕೈ ಮುಗಿದು, ಈಗ ಮನೆಯಲ್ಲಿ ಅವಳೇ ಗಣಿತ ಮಾತಾಡುತ್ತಾಳೆ ಮೇಡಂ, ನಮಗೆ ಅರ್ಥವಾಗಲ್ಲ ಅಷ್ಟೆ ಎಂದರು. ನಾನೂ ಕೈ ಮುಗಿದೆ. ಅವರು ದೂರು ತಂದಿರದಿದ್ದರೆ ಮುಖ್ಯೋಪಾಧ್ಯಾಯಿನಿ ಆ ದಿನ ಬಂದು ಕೂರುತ್ತಿರಲಿಲ್ಲ.

ವೈದ್ಯೆ ಮತ್ತೆ ಕೊಳವೆ ಇಳಿಸಿ ನೋಡಿದಾಗ ರಕ್ತದ ಕಲೆ ಹೋಗಿತ್ತು, ಗಂಟುಗಳು ಕುಗ್ಗಿದ್ದವು. ಆಪರೇಷನ್ ಬೇಡ ಎಂದರು. ಮಾತಿನ ತರಬೇತಿ ಕೊಡುವವರೊಬ್ಬರ ಹತ್ತಿರ ಕಳಿಸಿದರು. ಅವರು ಹೊಟ್ಟೆಯಿಂದ ಉಸಿರು ತೆಗೆದು ಮೆಲ್ಲಗೆ ಮಾತಾಡುವುದನ್ನು ಎಳೆಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಮೊದಲಿಗೆ ದಿನಕ್ಕೆ ಕೆಲವೇ ನಿಮಿಷ ಮಾತು, ಎಲ್ಲಿ ಖರ್ಚು ಮಾಡಬೇಕೋ ನೀವೇ ನೋಡಿಕೊಳ್ಳಿ ಎಂದರು.

ಮೊದಲ ದಿನದ ನಿಮಿಷಗಳನ್ನು ಪೂರ್ತಿಯಾಗಿ ನನ್ನ ತರಗತಿಯ ಮಕ್ಕಳಿಗೇ ಇಟ್ಟುಕೊಂಡೆ. ಬೆಳಗಿನಿಂದ ಮನೆಯಲ್ಲಿ ತುಟಿ ಬಿಚ್ಚಲಿಲ್ಲ, ಬಸ್ಸಿನಲ್ಲಿ ಬಿಚ್ಚಲಿಲ್ಲ. ಗ್ರಂಥಾಲಯದ ಕೋಣೆಗೆ ಹೋಗಿ ನಿಂತೆ. ಎಲ್ಲರೂ ಎದ್ದು ನಿಂತರು. ನಾನು ಬೋರ್ಡಿನ ಕಡೆ ತಿರುಗದೆ, ಅವರನ್ನು ನೋಡುತ್ತಾ, ನೀವೆಲ್ಲ ನನ್ನನ್ನು ಈ ವಾರಗಳಲ್ಲಿ ನಡೆಸಿಕೊಂಡು ಬಂದಿರಿ, ನಿಮ್ಮಿಂದ ನಾನು ತುಂಬ ಕಲಿತೆ ಎಂದೆ. ದನಿ ಒರಟಾಗಿತ್ತು, ನನ್ನದೇ ಎನ್ನಿಸಲಿಲ್ಲ, ಆದರೆ ಕೊನೆಯ ಸಾಲಿನವರೆಗೂ ಹೋಯಿತು. ಯಾರೂ ಕೂರಲಿಲ್ಲ. ಇನ್ನೂ ಹೇಳುವುದಿತ್ತು. ಒಬ್ಬೊಬ್ಬರ ಹೆಸರು ಹಿಡಿದು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಗೋಡೆಯ ಪಕ್ಕದ ಹುಡುಗಿ ಬೆಂಚಿನಿಂದ ಹೊರಗೆ ಬಂದಳು.

“ಸಾಕು ಮಿಸ್,” ಎಂದಳು. “ಉಳಿದಿದ್ದು ನಾಳೆಗೆ ಇಟ್ಕೊಳ್ಳಿ.”

ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋಗಿ ಆ ದಿನದ ಲೆಕ್ಕ ಶುರುಮಾಡಿದಳು. ನಾನು ಹೋಗಿ ಅವಳ ಜಾಗದಲ್ಲಿ ಕೂತೆ.